ತಡವಾಗಿ ಸಿಕ್ಕ ಕಾಗದ: ಜಮೀನು ದಾವೆಯಲ್ಲಿರುವ ತಮ್ಮಂದಿರಿಗೆ ಕಿವಿಮಾತು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕೋರ್ಟುಗಳಿಗೆ ಪಾಲಿನ ವ್ಯಾಜ್ಯಕ್ಕೆಂದು ಅಲೆಯುತ್ತಿರುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

• ವಕೀಲರನ್ನು ಕಾಣುವ ಮುಂಚೆ ಮನೆಯ ಟ್ರಂಕು ತೆಗೆಯಿರಿ. ಪಹಣಿ, ಎಂ.ಆರ್., ಕ್ರಯಪತ್ರ, ಪಾಲುಪಟ್ಟಿ, ಕಂದಾಯದ ರಸೀದಿ ಎಲ್ಲವೂ ದಾವೆಯ ಜೊತೆಗೇ ಹೋಗಲಿ. ಕೈಯಲ್ಲಿಲ್ಲದ ಕಾಗದ ಯಾರ ಬಳಿ ಇದೆಯೆಂದು ಅದರಲ್ಲೇ ಬರೆಸಿ. ಮುಂದೆ ನಿಮ್ಮನ್ನು ಕಾಯುವುದು ಆ ಸಾಲೇ.

• ದಾವೆಯ ಜೊತೆ ಕೊಡದ ಕಾಗದವನ್ನು ಆಮೇಲೆ ಹಾಜರುಪಡಿಸಲು ಕೋರ್ಟಿನ ಅನುಮತಿ ಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ವಾದಿಗೆ ಆದೇಶ 7 ನಿಯಮ 14(3), ಪ್ರತಿವಾದಿಗೆ ಆದೇಶ 8 ನಿಯಮ 1ಎ(3). ಕೊಡುವುದು, ಬಿಡುವುದು ನ್ಯಾಯಾಧೀಶರ ವಿವೇಚನೆ.

• "ಕಣ್ತಪ್ಪಿನಿಂದ ಬಿಟ್ಟುಹೋಗಿದೆ" ಎಂಬ ಒಂದೇ ಸಾಲಿನ ಅಫಿಡವಿಟ್ ದಯವಿಟ್ಟು ಬೇಡ. ತಾಲ್ಲೂಕು ಕಚೇರಿಯಲ್ಲಿ ನಕಲಿಗೆ ಅರ್ಜಿ ಕೊಟ್ಟ ತಾರೀಖು, ನಕಲು ಕೈಸೇರಿದ ತಾರೀಖು ಬರೆಸಿ. "ಕಡತ ಲಭ್ಯವಿಲ್ಲ" ಎಂದು ಹಿಂಬರಹ ಕೊಟ್ಟಿದ್ದರೆ ಅದನ್ನೂ ಲಗತ್ತಿಸಿ. ತಡ ಯಾಕಾಯಿತು ಅನ್ನುವುದಕ್ಕೆ ಅದಕ್ಕಿಂತ ಗಟ್ಟಿ ಉತ್ತರ ಇಲ್ಲ. ಸುಗಂಧಿ ಪ್ರಕರಣದಲ್ಲಿ (2020) ಕಳೆದಿದ್ದ ಕಾಗದ ತಡವಾಗಿ ಸಿಕ್ಕಿತೆಂಬ ಕಾರಣವನ್ನು ಸುಪ್ರೀಂ ಕೋರ್ಟ್ ಒಪ್ಪಿತು. ವಿಧಿವಿಧಾನ ನ್ಯಾಯಕ್ಕೆ ಅಡ್ಡ ಬರಬಾರದೆಂದಿತು.

• ಸುಗಂಧಿ ತೀರ್ಪನ್ನೇ ನಂಬಿ ಕೂರಬೇಡಿ. ಸಾಕ್ಷ್ಯ ಮುಗಿದು ಆರ್ಗ್ಯುಮೆಂಟಿಗೆ ನಿಂತ ಮೇಲೆ ಕೇಸು ಮತ್ತೆ ತೆರೆಸುವುದು ಕಷ್ಟ. ವೇಲುಸಾಮಿ ಪ್ರಕರಣದಲ್ಲಿ (2011) ಆ ಅಧಿಕಾರ ಉಂಟೆಂದ ಸುಪ್ರೀಂ ಕೋರ್ಟೇ, ಕೇಸು ಎಳೆಯಲು ಹಾಕಿದ ಅರ್ಜಿಯನ್ನು ಖರ್ಚು ಹಾಕಿ ವಜಾ ಮಾಡಬೇಕೆಂದೂ ಹೇಳಿದೆ. ಕಾಗದ ಸಿಕ್ಕ ವಾರವೇ ಮಧ್ಯಂತರ ಅರ್ಜಿ (ಐ.ಎ.) ಹಾಕಿಸಿ.

• ನಾಲ್ಕೂ ತಾಲ್ಲೂಕಿನವರು ಖಾತೆ ತಕರಾರಿಗೆ ಮಧುಗಿರಿ ಉಪವಿಭಾಗಾಧಿಕಾರಿ (ಎ.ಸಿ.) ಕಚೇರಿಗೆ ಹೋಗುತ್ತೀರಿ. ಅಲ್ಲಿ ಕೊಟ್ಟ ಕಾಗದ ತಾನಾಗಿ ಸಿವಿಲ್ ಕೋರ್ಟಿಗೆ ಬರುವುದಿಲ್ಲ. ದೃಢೀಕೃತ ನಕಲು ತೆಗೆಸಿಡಿ.

• ಪಾವಗಡದವರೇ, ಮಡಕಶಿರಾ ಕಡೆಯ ತೆಲುಗು ಪತ್ರವಿದ್ದರೆ ಅನುವಾದವನ್ನೂ ಮಾಡಿಸಿ. ಅದಕ್ಕೆಂದೇ ಮತ್ತೊಂದು ವಾಯಿದೆ ಹೋಗುವುದು ಬೇಡ.

• ಅಪೀಲಿನಲ್ಲಿ ನೋಡಿಕೊಳ್ಳೋಣ ಅನ್ನಬೇಡಿ. ಆದೇಶ 41 ನಿಯಮ 27ರ ಬಾಗಿಲು ಬಹಳ ಕಿರಿದು. ಕೆಳಗಿನ ಕೋರ್ಟ್ ತಪ್ಪಾಗಿ ನಿರಾಕರಿಸಿರಬೇಕು, ಇಲ್ಲವೇ ಎಷ್ಟು ಶ್ರಮಪಟ್ಟರೂ ಆಗ ಸಿಕ್ಕಿರಬಾರದು, ಇಲ್ಲವೇ ತೀರ್ಪು ಕೊಡಲು ಅಪೀಲು ಕೋರ್ಟಿಗೇ ಅದು ಬೇಕೆನಿಸಬೇಕು.

• ಅರ್ಜಿ ಮಂಜೂರಾಯಿತೆಂದರೆ ಕಾಗದ ರುಜುವಾತಾಯಿತೆಂದಲ್ಲ. ಛಾಪಾ ಇಲ್ಲದ ಪಾಲುಪಟ್ಟಿಗೆ ಮುದ್ರಾಂಕ ಶುಲ್ಕ, ದಂಡದ ಪ್ರಶ್ನೆ ಎದ್ದೇ ಏಳುತ್ತದೆ. ಕೋರ್ಟ್ ಹಾಕಿದ ಖರ್ಚನ್ನು ವಾಯಿದೆಗೆ ಮುಂಚೆ ಕಟ್ಟಿ, ಸಾಕ್ಷಿಯನ್ನು ಕರೆಸಿ, ಕಾಗದ ಮಾರ್ಕ್ ಆಯಿತೇ ಎಂದು ವಕೀಲರನ್ನು ಕೇಳಿಯೇ ಊರಿನ ಬಸ್ಸು ಹತ್ತಿ.