ಸಮಾಧಾನ ಗೇಟಿನಾಚೆಗೂ ಬರಲಿ

ಪ್ರಶ್ನೆ: ನಮ್ಮದು ಕರಾವಳಿಯ ಒಂದು ಸಿಎಸ್‌ಐ ಸಭೆ. ಅಜ್ಜನ ಕಾಲದಿಂದಲೂ ನಮ್ಮ ಕುಟುಂಬ ಅದೇ ಚರ್ಚಿಗೆ ಹೋಗುತ್ತಿದೆ. ನಾನು ಸ್ತ್ರೀ ಸಂಘದಲ್ಲಿದ್ದೇನೆ. ಬೆಳೆಹಬ್ಬದ ಊಟದ ಉಸ್ತುವಾರಿ ಹಲವು ವರ್ಷಗಳಿಂದ ನನ್ನದೇ. ಹೋದ ಸಲ ಖರ್ಚು ಸ್ವಲ್ಪ ಹೆಚ್ಚಾಯಿತು. ನನಗೆ ಬಹಳ ಹತ್ತಿರದವರಾಗಿದ್ದ ಒಬ್ಬ ಸಹೋದರಿ ಸಭೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಎಲ್ಲರೆದುರು ‘ಲೆಕ್ಕ ಎಲ್ಲಿ?’ ಎಂದು ಕೇಳಿದರು. ಚೀಟಿ ಸಮೇತ ಲೆಕ್ಕ ಕೊಟ್ಟೆ. ಅಷ್ಟು ಕೆಲಸ ಮಾಡಿದ್ದಕ್ಕೆ ಒಬ್ಬರಾದರೂ ‘ಉಪಕಾರವಾಯಿತು’ ಎನ್ನಲಿಲ್ಲ. ಆಮೇಲೆ ಕಮಿಟಿ ಚುನಾವಣೆ ಬಂತು, ಸಭೆಯಲ್ಲಿ ಎರಡು ಬಣವಾಯಿತು, ನಾವಿಬ್ಬರೂ ಒಂದೊಂದು ಕಡೆಯಾದೆವು. ಈಗ ಆರಾಧನೆಯಲ್ಲಿ ಸಮಾಧಾನ ಹಂಚುವಾಗ ಕೈಗೆ ಕೈ ಸೇರಿಸುತ್ತೇವೆ, ಗೇಟಿನ ಬಳಿ ಮುಖ ತಿರುಗಿಸುತ್ತೇವೆ. ‘ಅಮ್ಮಾ, ಒಳಗಿದ್ದದ್ದು ಸುಳ್ಳಾ, ಹೊರಗಿದ್ದದ್ದು ಸುಳ್ಳಾ?’ ಎಂದು ಮಗಳು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಬೇರೆ ಚರ್ಚಿಗೆ ಹೋಗಿಬಿಡಲೇ?
— ಹೆಸರು ಬೇಡ, ಉಡುಪಿ ಜಿಲ್ಲೆ

ಉತ್ತರ: ಪ್ರಿಯ ಸಹೋದರಿ, ಮೊದಲು ನಿಮ್ಮ ಮಗಳಿಗೆ ಉತ್ತರ ಕೊಡೋಣ. ಎರಡೂ ಸುಳ್ಳಲ್ಲ. ಒಳಗೆ ಆದದ್ದು ನೀವು ಕೊಟ್ಟ ವಾಗ್ದಾನ, ಹೊರಗೆ ಆದದ್ದು ಇನ್ನೂ ನಡೆಸದೆ ಉಳಿದ ವಾಗ್ದಾನ. ಸಿಎಸ್‌ಐ ಆರಾಧನಾ ಕ್ರಮದಲ್ಲಿ ಸಮಾಧಾನ ಹಂಚುವ ಜಾಗವನ್ನು ಗಮನಿಸಿ. ಪಾಪದ ಅರಿಕೆ ಮುಗಿದ ಮೇಲೆ, ಕಾಣಿಕೆಯನ್ನೂ ರೊಟ್ಟಿ ದ್ರಾಕ್ಷಾರಸವನ್ನೂ ಮೇಜಿಗೆ ತರುವುದಕ್ಕೆ ಮೊದಲು ಅದು ಬರುತ್ತದೆ. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಕ್ರಮವೂ ಅದೇ: ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಬಳಿಗೆ ಹೋಗು. ತಪ್ಪು ಯಾರದು ಎಂದು ತೀರ್ಮಾನವಾಗಲಿ, ಆಮೇಲೆ ಹೋಗು ಎಂದು ಆತನು ಹೇಳಲಿಲ್ಲ. ನೆನಪಾದವರು ಎದ್ದು ಹೋಗಬೇಕು, ಅಷ್ಟೆ.

ನಿಮ್ಮ ಪತ್ರದಲ್ಲಿ ಎರಡು ನೋವುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಲೆಕ್ಕ ಕೇಳಿದ ರೀತಿಯಿಂದ ಆದ ಅವಮಾನ ಒಂದು, ದುಡಿದದ್ದನ್ನು ಯಾರೂ ಕಾಣಲಿಲ್ಲ ಎಂಬ ದುಃಖ ಇನ್ನೊಂದು. ಇವಕ್ಕೆ ಮದ್ದು ಬೇರೆ ಬೇರೆ. ಬಿಡಿಸಿ ನೋಡದಿದ್ದರೆ ಇಡೀ ಸಭೆಯ ಮರೆವಿನ ಭಾರವನ್ನು ಆ ಒಬ್ಬ ಸಹೋದರಿಯ ತಲೆಯ ಮೇಲೆ ಹೊರಿಸಿಬಿಡುತ್ತೀರಿ.

ಮೊದಲು ಲೆಕ್ಕದ ವಿಷಯ. ಲೆಕ್ಕ ಕೇಳುವುದು ಅಪರಾಧವಲ್ಲ. ಕ್ರೈಸ್ತರ ನಡುವೆ ಗೊಣಗಾಟವೇ ಇರಬಾರದು ಎನ್ನುವವರು ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯ ಓದಲಿ. ದಿನದಿನದ ಊಟದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಎಂದು ಗ್ರೀಕ್ ಮಾತಾಡುವ ಯೆಹೂದ್ಯ ವಿಶ್ವಾಸಿಗಳು ದೂರಿದರು. ಅಲ್ಲೂ ಜಗಳ ಊಟದ್ದೇ. ಅಪೊಸ್ತಲರು ದೂರಿದವರ ಬಾಯಿ ಮುಚ್ಚಿಸಲಿಲ್ಲ. ಸಭೆಯನ್ನೆಲ್ಲ ಕರೆದು, ಒಳ್ಳೆಯ ಹೆಸರಿದ್ದ ಏಳು ಮಂದಿಯನ್ನು ಆರಿಸಿಕೊಳ್ಳಿ ಎಂದರು. ಸ್ತೆಫನನಿಂದ ಹಿಡಿದು ಆ ಏಳೂ ಗ್ರೀಕ್ ಹೆಸರುಗಳು. ದೂರಿದವರ ಭಾಷೆಯ ಹೆಸರುಳ್ಳವರ ಕೈಗೇ ಹೊಣೆ ಹೋಯಿತು. ಸೌಜನ್ಯವೆಂದರೆ ಸುಮ್ಮನಿರುವುದಲ್ಲ. ಪ್ರಶ್ನೆಗೆ ಸರಿಯಾದ ಜಾಗ ಮಾಡಿಕೊಡುವುದು ಸೌಜನ್ಯ.

ಆದ್ದರಿಂದ ಈ ವರ್ಷ ಯಾರೂ ಕೇಳುವ ಮೊದಲೇ ಬೆಳೆಹಬ್ಬದ ಲೆಕ್ಕ ಬರೆಯಲು ಇನ್ನೊಬ್ಬರನ್ನು ಜೊತೆಗಿಟ್ಟುಕೊಳ್ಳಿ. ಹಬ್ಬ ಮುಗಿದ ಮೇಲೆ ಲೆಕ್ಕದ ಹಾಳೆಯನ್ನು ಚರ್ಚಿನ ನೋಟಿಸ್ ಬೋರ್ಡಿಗೆ ಹಾಕಿಸಿ. ಹಣದ ಪ್ರಶ್ನೆಗಳು ಕಮಿಟಿಗೆ ಬರವಣಿಗೆಯಲ್ಲಿ ಬರಲಿ, ವಾಟ್ಸ್ಆ್ಯಪ್ ಗುಂಪಿನಲ್ಲಿ ಬೇಡ ಎಂದು ಸಭಾಪಾಲಕರಿಂದಲೇ ಹೇಳಿಸಿ. ಮೊಬೈಲಿನಲ್ಲಿ ಓದಿದ ಮಾತಿಗೆ ದನಿಯಿಲ್ಲ, ಮುಖವಿಲ್ಲ. ಸಾಧಾರಣ ಪ್ರಶ್ನೆಯೂ ಅಲ್ಲಿ ಆರೋಪವಾಗಿ ಕೇಳುತ್ತದೆ.

ಇನ್ನು ಆ ಸಹೋದರಿ. ಮತ್ತಾಯನ ಹದಿನೆಂಟನೆಯ ಅಧ್ಯಾಯದ ಮಾತನ್ನು ಅಕ್ಷರಶಃ ಪಾಲಿಸಿ: ಒಬ್ಬರೇ ಹೋಗಿ. ಗಂಡನನ್ನಾಗಲಿ, ನಿಮ್ಮ ಬಣದ ಹಿರಿಯರನ್ನಾಗಲಿ, ಅಯ್ಯನವರನ್ನಾಗಲಿ ಮೊದಲ ಸಲವೇ ಕರೆದುಕೊಂಡು ಹೋಗಬೇಡಿ. ಫೋನ್ ಮಾಡಿ, ಅವರಿಗೆ ಅನುಕೂಲವಾದ ಹೊತ್ತು ಕೇಳಿ. ಚುನಾವಣೆಯ ಮಾತು ತೆಗೆಯಬೇಡಿ. ‘ನೀವು ಹೀಗೆ ಮಾಡಿದಿರಿ’ ಎಂದು ಶುರು ಮಾಡಿದರೆ ಅವರು ತಮ್ಮ ಪರ ವಾದಿಸಲೇಬೇಕಾಗುತ್ತದೆ. ‘ಅಂದು ಗುಂಪಿನಲ್ಲಿ ನೋಡಿದಾಗ ನನಗೆ ಬಹಳ ನೋವಾಯಿತು, ನಿಮ್ಮ ಜೊತೆ ಮಾತು ನಿಂತದ್ದು ಅದಕ್ಕಿಂತ ಹೆಚ್ಚು ನೋಯಿಸುತ್ತಿದೆ’ ಎನ್ನಿ. ಆಮೇಲೆ ಅವರು ಮಾತಾಡಲಿ. ಅವರಿಗೂ ನಿಮ್ಮಿಂದ ಆದ ನೋವು ಇರಬಹುದು. ಅದನ್ನು ಕೇಳುವ ಹೊತ್ತಿನಲ್ಲಿ ಉತ್ತರ ಹುಡುಕಬೇಡಿ. ಮನಸ್ಸು ತಿಳಿಯಾದ ಮೇಲೆ ಹೋಗೋಣ ಎಂದು ಕಾಯಲೂ ಬೇಡಿ. ದಯೆ ಮೊದಲು ಕೈಕಾಲಿಗೆ ಬರುತ್ತದೆ, ಮನಸ್ಸು ನಿಧಾನವಾಗಿ ಹಿಂದಿನಿಂದ ಬಂದು ಸೇರುತ್ತದೆ.

ಅವರು ಬಾಗಿಲು ತೆರೆಯದಿದ್ದರೆ? ಆಗ ಇಬ್ಬರಿಗೂ ಬೇಕಾದ ಒಬ್ಬರ ಸಹಾಯ ಕೇಳಿ. ಫಿಲಿಪ್ಪಿಯ ಸಭೆಯಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರು ಸ್ತ್ರೀಯರ ನಡುವೆ ಮನಸ್ತಾಪವಿತ್ತು. ಸೆರೆಯಲ್ಲಿದ್ದ ಪೌಲನು ಪತ್ರದಲ್ಲಿ ಇಬ್ಬರನ್ನೂ ಹೆಸರು ಹಿಡಿದು, ಒಂದೇ ಸಮನಾಗಿ ಬೇಡಿಕೊಂಡ. ಯಾರು ಸರಿ ಎಂದು ತೀರ್ಪು ಬರೆಯಲಿಲ್ಲ. ಇವರಿಗೆ ನೆರವಾಗು ಎಂದು ಅಲ್ಲಿದ್ದ ಒಬ್ಬ ಜೊತೆಗಾರನನ್ನು ಕೇಳಿಕೊಂಡ. ಅದೇ ಉಸಿರಿನಲ್ಲಿ, ಈ ಸ್ತ್ರೀಯರು ಸುವಾರ್ತೆಗಾಗಿ ನನ್ನ ಜೊತೆ ಪ್ರಯಾಸಪಟ್ಟವರು ಎಂದು ನೆನೆದ. ಜಗಳದ ನಡುವೆಯೂ ಅವರ ದುಡಿಮೆಯನ್ನು ಮರೆಯಲಿಲ್ಲ. ನಿಮ್ಮ ಸಭೆಯ ಎರಡೂ ಬಣಗಳಿಗೆ ಈಗ ಬೇಕಾಗಿರುವುದು ಆ ನೆನಪೇ.

ದುಡಿಮೆಯನ್ನು ಹೀಗೆ ನೆನೆಯುವುದೇ ನಿಮ್ಮ ಎರಡನೆಯ ನೋವಿಗೆ ಮದ್ದು. ದೇವರಿಗೆ ಸ್ತೋತ್ರ ಸಲ್ಲಿಸುವುದರಲ್ಲಿ ನಾವು ಯಾರೂ ಹಿಂದೆ ಬಿದ್ದಿಲ್ಲ. ಆದರೆ ಗಂಟೆ ಬಾರಿಸಿ ಬೆಂಚು ಒರೆಸುವವರಿಗೆ, ಸಂಡೇ ಸ್ಕೂಲಿನಲ್ಲಿ ವರ್ಷಗಟ್ಟಲೆ ಕಲಿಸುವವರಿಗೆ, ಹಬ್ಬದ ಪಾತ್ರೆ ತೊಳೆಯುವವರಿಗೆ ನಾವು ಏನು ಹೇಳುತ್ತೇವೆ? ವರದಿಯ ಕೊನೆಯಲ್ಲಿ ‘ಸಹಕರಿಸಿದ ಎಲ್ಲರಿಗೂ ವಂದನೆಗಳು’ ಎಂದು ಮುಗಿಸುತ್ತೇವೆ. ಎಲ್ಲರಿಗೂ ಎಂದರೆ ಯಾರಿಗೂ ತಲುಪುವುದಿಲ್ಲ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯ ತೆಗೆದು ನೋಡಿ. ಪೌಲನು 20ಕ್ಕೂ ಹೆಚ್ಚು ಮಂದಿಗೆ ಹೆಸರು ಹೇಳಿ ವಂದನೆ ಕಳಿಸುತ್ತಾನೆ. ಪ್ರಿಸ್ಕಿಲ್ಲ ಅಕ್ವಿಲರು ತನಗಾಗಿ ಪ್ರಾಣವನ್ನೇ ಪಣಕ್ಕಿಟ್ಟದ್ದನ್ನು ಬರೆಯುತ್ತಾನೆ. ಪೆರ್ಸೀಸಳು ಬಹಳ ದುಡಿದದ್ದನ್ನು ಹೇಳುತ್ತಾನೆ. ರೂಫನ ತಾಯಿ ತನಗೂ ತಾಯಿ ಎನ್ನುತ್ತಾನೆ. ಕೃತಜ್ಞತೆಗೆ ಹೆಸರು ಬೇಕು, ಮಾಡಿದ ಕೆಲಸದ ಉಲ್ಲೇಖ ಬೇಕು.

ಈ ರೂಢಿಯನ್ನು ಸ್ತ್ರೀ ಸಂಘದಲ್ಲಿ ನೀವೇ ಆರಂಭಿಸಿ. ಪ್ರತಿ ಕೂಟದಲ್ಲಿ ಒಬ್ಬರ ಹೆಸರು, ಅವರು ಮಾಡಿದ ಒಂದು ಕೆಲಸ. ಎದುರು ಬಣದವರಿಂದಲೇ ಶುರುವಾಗಲಿ. ಹಾಗೆಂದು ನಿಮ್ಮ ದಣಿವನ್ನು ನುಂಗಿಕೊಳ್ಳಬೇಡಿ. ‘ನನಗೆ ಸಾಕಾಗಿದೆ, ಈ ಸಲ ಅಡುಗೆಗೆ ನಾಲ್ಕು ಮಂದಿ ಬೇಕು’ ಎಂದು ಬಾಯಿಬಿಟ್ಟು ಹೇಳಿ. ಒಂದು ವರ್ಷ ಉಸ್ತುವಾರಿಯನ್ನು ಬೇರೆಯವರಿಗೆ ಒಪ್ಪಿಸಿದರೂ ತಪ್ಪಿಲ್ಲ. ದಣಿದ ಮೈ ಮಾಡುವ ಸೇವೆ ಒಳಗೊಳಗೇ ಸಾಲದ ಲೆಕ್ಕ ಬರೆಯತೊಡಗುತ್ತದೆ, ಆ ಸಾಲವನ್ನು ಯಾರಿಂದಲೂ ತೀರಿಸಲಾಗದು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮಾತು ಬೆದರಿಕೆಗೆ ತಿರುಗಿದರೆ, ನಿಂದನೆ ಮನೆಯವರೆಗೆ ಬಂದರೆ, ದಯೆಯ ಹೆಸರಿನಲ್ಲಿ ಸಹಿಸಿಕೊಂಡು ಕೂರಬೇಡಿ. ಸಭಾಪಾಲಕರಿಗೆ, ಅಗತ್ಯವಿದ್ದರೆ ಬಿಷಪರಿಗೆ, ಇನ್ನೂ ಅಗತ್ಯವಿದ್ದರೆ ಪೊಲೀಸರಿಗೆ ತಿಳಿಸಿ.

ಚರ್ಚ್ ಬಿಡಲೇ ಎಂದು ಕೇಳಿದ್ದೀರಿ. ಬಿಡುವುದು ಪಾಪವಲ್ಲ, ಆದರೆ ಈಗ ಬೇಡ. ನೀವಿರುವ ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯೇ ತಾಳ್ಮೆಯ ಫಲ. 1919ರ ಮೇ ತಿಂಗಳಲ್ಲಿ ತರಂಗಂಬಾಡಿಯಲ್ಲಿ ಐಕ್ಯದ ಮಾತು ಶುರುವಾಯಿತು. ಬಿಷಪ್ ಪದವಿ, ದೀಕ್ಷೆ ಮುಂತಾದ ವಿಷಯಗಳಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪಂಗಡಗಳಿಗೆ ಹೊಂದಿಕೆಯಾಗುತ್ತಿರಲಿಲ್ಲ. ಆದರೂ ಮೇಜು ಬಿಟ್ಟು ಏಳಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಒಂದಾಗುವ ಹೊತ್ತಿಗೆ 28 ವರ್ಷ ಕಳೆದಿತ್ತು. ತರಂಗಂಬಾಡಿಯ ಆ ಮೊದಲ ಮಾತುಕತೆಯ ಮುಂದಾಳುಗಳಲ್ಲಿ ಒಬ್ಬರಾದ ಬಿಷಪ್ ಅಜರಯ್ಯ 1945ರಲ್ಲೇ ತೀರಿಕೊಂಡರು. ತಾವು ಕಾಣದ ಐಕ್ಯಕ್ಕಾಗಿ ಅವರು ಕೊನೆಯವರೆಗೂ ದುಡಿದರು. ನಿಮ್ಮನ್ನು 28 ವರ್ಷ ಕಾಯಿರಿ ಎನ್ನುತ್ತಿಲ್ಲ. ಮುಂದಿನ ಕರ್ತನ ಭೋಜನದ ಭಾನುವಾರದೊಳಗೆ ಆ ಸಹೋದರಿಯ ಮನೆಗೆ ಒಮ್ಮೆ ಹೋಗಿ ಬನ್ನಿ. ಒಂದು ವರ್ಷ ನಿಮ್ಮ ಪಾಲಿನದನ್ನೆಲ್ಲ ಮಾಡಿ ನೋಡಿ. ಅಷ್ಟಾದ ಮೇಲೂ ಅಲ್ಲಿ ಉಸಿರಾಡಲು ಕಷ್ಟವೆನಿಸಿದರೆ ಅಯ್ಯನವರಿಗೆ ಹೇಳಿ, ಎರಡೂ ಬಣದವರಿಗೆ ವಂದಿಸಿ, ಯಾರ ಮೇಲೂ ಮುನಿಸಿಲ್ಲದೆ ಹೊರಡಿ.