ಆರ್ ವರ್ಗದ ವಿಧ್ವಂಸಕ ನೌಕೆಗಳು: ಯಾವ ರಜಪೂತ್?

‘ಐಎನ್‌ಎಸ್ ರಜಪೂತ್’ ಎಂದೊಡನೆ 1980ರಲ್ಲಿ ಸೇವೆಗೆ ಸೇರಿ 2021ರಲ್ಲಿ ನಿವೃತ್ತವಾದ ಸೋವಿಯತ್ ನಿರ್ಮಿತ ನೌಕೆಯನ್ನು ಗುರುತಿಸಿದರೆ 1971ರ ಯುದ್ಧದ ಕುರಿತ ಪರೀಕ್ಷಾ ಪ್ರಶ್ನೆಗೆ ಉತ್ತರ ತಪ್ಪುತ್ತದೆ. ಆಗಿನದು ಬ್ರಿಟನ್ನಿನ ಆರ್ ವರ್ಗದ ರಾದರ್‌ಹ್ಯಾಂ. 1942ರಲ್ಲಿ ನೀರಿಗಿಳಿದ ಆ ವರ್ಗದ ಎಂಟು ನೌಕೆಗಳಿಗೆ 4.7 ಇಂಚಿನ ತಲಾ ನಾಲ್ಕು ಫಿರಂಗಿ, ಎಂಟು ಟಾರ್ಪೆಡೊ ಕೊಳವೆ. ಮಹಾಯುದ್ಧದಲ್ಲಿ ಒಂದೂ ಮುಳುಗಲಿಲ್ಲ. 1949ರಲ್ಲಿ ಭಾರತಕ್ಕೆ ಬಂದವು ಮೂರು: ರಾದರ್‌ಹ್ಯಾಂ (ರಜಪೂತ್), ರಿಡೌಟ್ (ರಂಜಿತ್), ರೇಡರ್ (ರಾಣಾ).

ಇಷ್ಟು ಹಳೆಯ ಹಡಗು ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿಯನ್ನು ಮುಳುಗಿಸೀತೇ ಎಂಬ ಆಕ್ಷೇಪ ನಿಲ್ಲದು. ನೀರೊಳಗೆ ಸಿಡಿಯುವ ಡೆಪ್ತ್ ಚಾರ್ಜ್ ಹಾಕಲು ಹೊಸ ಹಡಗೇ ಬೇಕಿಲ್ಲ. ಆದರೆ 1971ರ ಡಿಸೆಂಬರ್ 3-4ರ ರಾತ್ರಿ ವಿಶಾಖಪಟ್ಟಣದ ಬಳಿ ಘಾಜಿ ಮುಳುಗಿದ್ದು ರಜಪೂತ್ ದಾಳಿಯಿಂದ ಎಂಬುದು ಭಾರತದ ನಿಲುವು, ಪಾಕಿಸ್ತಾನ ಒಪ್ಪುವುದಿಲ್ಲ. ವಿವರಣಾತ್ಮಕ ಉತ್ತರದಲ್ಲಿ ‘ಭಾರತದ ಪ್ರಕಾರ’ ಎಂದು ಸೇರಿಸುವುದೇ ಸರಿ.