ಹಳೆಯ ಗಾಜಿನ ಸೀಸೆಗಳಲ್ಲಿ ಉಪ್ಪಿನಕಾಯಿಯನ್ನು ತುಂಬಿ ಮಾರುವ ಕ್ರಮ

ಸಾಗರ, ತೀರ್ಥಹಳ್ಳಿ ಸೀಮೆಗಳ ಅಪ್ಪೆಮಿಡಿಯ ಉಪ್ಪಿನಕಾಯಿಯು ಮನೆಯ ಭರಣಿಯನ್ನು ದಾಟಿ ಪೇಟೆಗೆ ಬರುತ್ತಿರುವುದು ಸಂತೋಷದ ಸಂಗತಿ. ವೆಚ್ಚವನ್ನುಳಿಸಲು ಹಳೆಯ ಸೀಸೆಗಳನ್ನು ಉಪಯೋಗಿಸುವುದು ಯುಕ್ತವೇ. ಆದರೆ ಒಂದು ಸೀಸೆಯು ಕೆಟ್ಟರೆ ಕೊಂಡವನು ಆ ಮನೆಯ ಮಾಲನ್ನಷ್ಟೇ ಅಲ್ಲ, ಆ ಊರಿನ ಮಾಲನ್ನೇ ಬಿಡುವನು.

ಸೀಮೆಎಣ್ಣೆ, ಕ್ರಿಮಿನಾಶಕ ಮೊದಲಾದುವು ಇದ್ದ ಸೀಸೆಗಳನ್ನು ಎಷ್ಟು ತೊಳೆದರೂ ಉಪಯೋಗಿಸಕೂಡದು. ಆಹಾರಪದಾರ್ಥವಿದ್ದ ಅಗಲಬಾಯಿಯ ಸೀಸೆಗಳನ್ನೇ ಆರಿಸಿ, ಬೆಳಕಿಗೆ ಹಿಡಿದು ಬಿರುಕನ್ನು ನೋಡಬೇಕು. ಬಾಯಂಚಿನ ಮೇಲೆ ಹತ್ತಿಯನ್ನೆಳೆದರೆ ಚಕ್ಕೆ ಎದ್ದಿರುವ ಕಡೆ ಎಳೆಯು ಸಿಕ್ಕಿಕೊಳ್ಳುವುದು, ಅಂತಹುದನ್ನು ತ್ಯಜಿಸತಕ್ಕದ್ದು. ಉಳಿದವುಗಳನ್ನು ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆದು, ಹಳೆಯ ಚೀಟಿಯನ್ನು ಪೂರ್ತಿಯಾಗಿ ಕೆರೆದು, ತಳದಲ್ಲಿ ಬಟ್ಟೆ ಹಾಸಿದ ಪಾತ್ರೆಯ ತಣ್ಣೀರಿನಲ್ಲಿ ಮುಳುಗಿಸಿ ಕಾಯಿಸಬೇಕು. ಕುದಿ ಬಂದ ಮೇಲೆ 15 ನಿಮಿಷವಿರಲಿ. ಕುದಿಯುವ ನೀರಿಗೆ ತಣ್ಣನೆಯ ಸೀಸೆಯನ್ನು ಹಾಕಿದರೆ ಒಡೆಯುವುದು. ಬಳಿಕ ಶುಭ್ರವಾದ ಬಟ್ಟೆಯ ಮೇಲೆ ಬೋರಲಿಟ್ಟು ಒಣಗಿಸತಕ್ಕದ್ದು. ತೇವವು ಲೇಶವುಳಿದರೂ ಬೂಷ್ಟು ಹಿಡಿಯುವುದು.

ಮುಚ್ಚಳವು ಮಾತ್ರ ಹೊಸದೇ ಆಗಬೇಕು. ಹಳೆಯ ಮುಚ್ಚಳದ ಒಳಪದರವು ಒಮ್ಮೆ ಅದುಮಿಕೊಂಡ ಮೇಲೆ ಮತ್ತೆ ಬಿಗಿಯಾಗಿ ಕೂರದು. ಹಿಂದಿನ ಪದಾರ್ಥದ ವಾಸನೆಯೂ ಅದರಲ್ಲಿಯೇ ನಿಲ್ಲುವುದು. ಲೇಪ ಹೋದ ತಗಡನ್ನಂತೂ ಉಪ್ಪುಹುಳಿಗಳು ತಿಂದುಬಿಡುವುವು. ಇಲ್ಲಿ ಕಾಸನ್ನುಳಿಸಿ ಮಿಡಿಯನ್ನು ಕಳೆದುಕೊಂಡ ಗೃಹಸ್ಥರನ್ನು ನಾನು ಕಂಡಿದ್ದೇನೆ. ಸೀಸೆಯನ್ನು ಕುದಿಸುವುದಕ್ಕೆ ಮೊದಲೇ ನೀರು ತುಂಬಿ, ಹೊಸ ಮುಚ್ಚಳವನ್ನು ಹಾಕಿ, ಒಣ ಕಾಗದದ ಮೇಲೆ ಕಾಲು ಘಂಟೆ ಬೋರಲಿಡಿರಿ. ಕಾಗದವು ನೆನೆದರೆ ಆ ಜೋಡಿಯು ಮಾರಾಟಕ್ಕೆ ತಕ್ಕುದಲ್ಲ.

2006ನೆಯ ಇಸವಿಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಂತೆ ಮನೆಯಲ್ಲಿ ಮಾಡಿ ಮಾರುವವರೂ ನೋಂದಣಿಯನ್ನು ಪಡೆಯತಕ್ಕದ್ದು. ಸೇರಿದ ಪದಾರ್ಥಗಳು, ತೂಕ, ತಯಾರಿಸಿದ ತಾರೀಖು, ನೋಂದಣಿಯ ಸಂಖ್ಯೆ ಮೊದಲಾದುವು ಹೊಸ ಚೀಟಿಯಲ್ಲಿರಬೇಕು. ಗ್ರಾಮದ ಮುಖಂಡರು ಈ ಅರ್ಜಿಗಳನ್ನು ಒಟ್ಟಾಗಿ ಬರೆಯಿಸಿಕೊಟ್ಟರೆ ಹೆಂಗಸರಿಗೆ ಕಚೇರಿಯ ಅಲೆದಾಟವು ತಪ್ಪುವುದು.